ಪೀಪಾಯಿಯಲ್ಲಿ ಬಂದ ಕಡಲು

ಬಂದರಿನ ಜನ ಅವಳಿಗೆ ಲೋಳೆಯಕ್ಕ ಎಂದು ಹೆಸರಿಟ್ಟಾಗ ಅವಳಿಗೆ ಇಪ್ಪತ್ನಾಲ್ಕು ವರ್ಷ. ಹೆಸರಿಟ್ಟವರದೇನೂ ತಪ್ಪಿರಲಿಲ್ಲ. ಬಲೆಗೆ ಲೋಳೆಮೀನು ಬಿದ್ದರೆ ಮೀನುಗಾರರು ಬಾಯಿಗೆ ಬಂದಂತೆ ಬೈದು ನೀರಿಗೆ ಒಗೆಯುತ್ತಿದ್ದರು. ಈ ಹುಡುಗಿ ಮಾತ್ರ ಕಟ್ಟೆಯ ಮೇಲೆ ಬಕೆಟ್ಟು ಹಿಡಿದು ನಿಂತು, "ಬಿಸಾಕ್ಬೇಡಿ, ಬಿಸಾಕ್ಬೇಡಿ, ನಂಗೆ ಕೊಡಿ!" ಎಂದು ಕೂಗುತ್ತಿದ್ದಳು. ತಿನ್ನಲು ಬಾರದ, ಮಾರಲು ಬಾರದ, ಮುಟ್ಟಿದರೆ ಕೈ ಉರಿಯುವ ಆ ಮುದ್ದೆಯನ್ನು ಯಾರಾದರೂ ಹೀಗೆ ಕೈಚಾಚಿ ಬೇಡುತ್ತಾರೆಂದರೆ ಅವರ ತಲೆ ನೆಟ್ಟಗಿಲ್ಲ ಎಂದೇ ಲೆಕ್ಕ. ಆದರೆ ಇವಳು ಓದಿದವಳು, ಕಡಲ ಸಂಶೋಧನಾ ಕೇಂದ್ರಕ್ಕೆ ಕೆಲಸಕ್ಕೆ ಬಂದ ಮೊದಲ ಹೆಂಗಸು, ಹುಚ್ಚಿ ಎನ್ನುವಂತಿರಲಿಲ್ಲ. ಹಾಗಾಗಿ ಲೋಳೆಯಕ್ಕ ಎಂದರು. ಅವಳಿಗೆ ಆ ಹೆಸರು ಹಿಡಿಸಿತು.

ಕೇಂದ್ರವೆಂದರೆ ಬಂದರಿನ ತುದಿಯಲ್ಲಿದ್ದ ಹಳೆಯ ಸುಂಕದ ಗೋದಾಮು. ಕೆಳಗೆ ಸಿಮೆಂಟಿನ ತೊಟ್ಟಿಗಳು, ಗಂಟಲು ಕೆಟ್ಟವರಂತೆ ಹಗಲಿಡೀ ಕೆಮ್ಮುವ ಪಂಪು. ಮೇಲೆ ಒಂದು ಉದ್ದನೆಯ ಕೋಣೆ, ನಾಲ್ಕು ಸೂಕ್ಷ್ಮದರ್ಶಕಗಳು, ಉಪ್ಪುಗಾಳಿಗೆ ಬಣ್ಣ ಎದ್ದ ಕಿಟಕಿಗಳು. ಡೈರೆಕ್ಟರು ದಪ್ಪ ಮೀಸೆಯ, ಮಂಡಿನೋವಿನ ಮನುಷ್ಯ. ಹನ್ನೆರಡು ವರ್ಷದಿಂದ ಅವರನ್ನು ಒಂದೇ ಪ್ರಶ್ನೆ ಕಾಡುತ್ತಿತ್ತು. ಪ್ರತಿ ಬೇಸಗೆಯಲ್ಲಿ ಆ ಕೊಲ್ಲಿಗೆ ಮೈಮೇಲೆ ಕಂದು ಪಟ್ಟೆಗಳಿರುವ ದೊಡ್ಡ ಲೋಳೆಮೀನುಗಳು ಸಾವಿರಗಟ್ಟಲೆ ಬರುತ್ತಿದ್ದವು. ಚಳಿ ಶುರುವಾಗುವಷ್ಟರಲ್ಲಿ ಒಂದೂ ಇರುತ್ತಿರಲಿಲ್ಲ. ಮರು ಬೇಸಗೆಗೆ ಮತ್ತೆ ಹಾಜರು. ನಡುವಿನ ತಿಂಗಳುಗಳಲ್ಲಿ ಅವು ಎಲ್ಲಿರುತ್ತವೆ, ಯಾವ ರೂಪದಲ್ಲಿರುತ್ತವೆ? ಬೇರೆ ಕೆಲವು ಜಾತಿಗಳ ಕಥೆ ಪುಸ್ತಕದಲ್ಲಿತ್ತು. ಅವುಗಳ ಮರಿ ಮೊದಲು ಕಲ್ಲಿಗೋ ಚಿಪ್ಪಿಗೋ ಅಂಟಿಕೊಂಡು, ಅಕ್ಕಿಕಾಳಿಗಿಂತ ಚಿಕ್ಕದಾದ ಗಿಡದಂತೆ ಬೆಳೆಯುತ್ತದೆ. ಅದಕ್ಕೆ ಪಾಲಿಪ್ ಎನ್ನುತ್ತಾರೆ. ಒಂದು ದಿನ ಆ ಗಿಡವೇ ಲೋಳೆಮೀನನ್ನು ಹೆರುತ್ತದೆ. ಆದರೆ ಈ ಕಂದುಪಟ್ಟೆಯ ಪಾಲಿಪ್ ಹೆತ್ತದ್ದನ್ನು ಯಾರೂ ಕಂಡಿರಲಿಲ್ಲ. ತೊಟ್ಟಿಯಲ್ಲಿ ಸಾಕಿದರೆ ಮೂರು ವಾರಕ್ಕೆ ಸಾಯುತ್ತಿದ್ದವು.

"ಸಾಯ್ತವೆ, ಸಾಯ್ಲಿ. ನೀನು ಸಾಕ್ತಾ ಇರು," ಎಂದಿದ್ದರು ಡೈರೆಕ್ಟರು.

ಅವಳು ಸಾಕುತ್ತಿದ್ದಳು. ಅದಕ್ಕಾಗಿ ವಾರಕ್ಕೆ ನಾಲ್ಕು ದಿನ ದೋಣಿಯಲ್ಲಿ ಹೋಗಬೇಕಿತ್ತು. ಕೇಂದ್ರದ ದೋಣಿ ನಡೆಸುವವನು ಅವಳಿಗಿಂತ ಮೂರು ವರ್ಷ ದೊಡ್ಡವನು. ಮಾತು ಕಮ್ಮಿ, ಉದ್ದನೆಯ ತೋಳು, ನಕ್ಕರೆ ಒಂದು ಕಡೆ ಮಾತ್ರ ಮೇಲೇಳುವ ತುಟಿ. ಲೋಳೆಮೀನನ್ನು ಹರಿಯದಂತೆ ಎತ್ತುವುದನ್ನು ಕಲಿಸಿದವನು ಅವನೇ. ಅವಳು ಮೊದಲ ದಿನ ಬಲೆ ಹಾಕಿ ಎತ್ತಿದಾಗ ಅದು ಬಲೆಯ ಕಣ್ಣುಗಳಲ್ಲಿ ಸೋರಿ ಚೂರುಚೂರಾಗಿ ಬಿದ್ದಿತ್ತು. ಅವನು ಬಕೆಟ್ಟನ್ನು ಮೆಲ್ಲಗೆ ನೀರೊಳಗೆ ಇಳಿಸಿ, ಪ್ರಾಣಿಯ ಕೆಳಕ್ಕೆ ತಂದು, ಅದು ತಾನಾಗಿ ಒಳಗೆ ಬರುವ ತನಕ ಕಾದ.

"ಇದನ್ನ ಎತ್ತಕ್ಕಾಗಲ್ಲ ಮೇಡಂ. ನೀರನ್ನ ಎತ್ಬೇಕು. ಇದು ಜತೇಲಿ ಬರುತ್ತೆ."

ಕೇಂದ್ರದಲ್ಲಿ ಎಲ್ಲರೂ ಅವನನ್ನು ದೋಣಿಯಣ್ಣ ಎನ್ನುತ್ತಿದ್ದರು. ಡೈರೆಕ್ಟರ ಹೆಂಡತಿ ಕೂಡ. ಇವಳೊಬ್ಬಳೇ ಅಣ್ಣ ಎನ್ನಲಿಲ್ಲ. ಮೊದಮೊದಲು ಸಂಕೋಚಕ್ಕೆ, ಆಮೇಲೆ ಆ ಪದ ನಾಲಿಗೆಯ ತುದಿಗೆ ಬಂದು ನಿಂತುಬಿಡುತ್ತಿತ್ತು. ಹಾಗೆಂದು "ರೀ" ಎಂದು ಕರೆಯುವಂತೆಯೂ ಇರಲಿಲ್ಲ, ಕೇಳಿದವರು ಏನಂದುಕೊಂಡಾರು! ಹಾಗಾಗಿ ಎರಡು ವರ್ಷವೂ "ಇಲ್ನೋಡಿ", "ಒಂದ್ನಿಮಿಷ", "ಅಲ್ಲಿ, ಅಲ್ಲಿ" ಎಂದೇ ಮಾತು ಶುರುಮಾಡಿ ಕಾಲ ನೂಕಿದಳು.

ಎರಡನೆಯ ವರ್ಷದ ಕೊನೆಯಲ್ಲಿ ಒಂದು ದಿನ, ಬೆಳಿಗ್ಗೆ ಹತ್ತರ ಹೊತ್ತಿಗೆ, ಕೊಲ್ಲಿಯ ಬಾಯಲ್ಲಿದ್ದಾಗ ಮಂಜು ಮುಸುಕಿತು. ನೋಡನೋಡುತ್ತಿದ್ದಂತೆ ದಡ ಹೋಯಿತು, ಬಂಡೆ ಹೋಯಿತು, ಕೊನೆಗೆ ದೋಣಿಯ ಮೂತಿಯೂ ಮಸುಕಾಯಿತು.

"ಈಗೇನ್ ಮಾಡೋದು?" ಎಂದಳು.

"ಏನೂ ಮಾಡೋದಿಲ್ಲ. ಹುಟ್ಟು ಹಾಕಿದ್ರೆ ದಿಕ್ಕು ತಪ್ಪುತ್ತೆ. ಲಂಗರು ಹಾಕಿ ಕೂತಿರೋದು."

ಐದು ಗಂಟೆ ಕೂತಿದ್ದರು. ಅವನು ಹುಟ್ಟುಗಳನ್ನು ಒಳಕ್ಕೆ ಎಳೆದುಕೊಂಡು, ತನ್ನ ಕೋಟು ಬಿಚ್ಚಿ ಅವಳಿಗೆ ಕೊಟ್ಟ. ಅವಳು ಬೇಡವೆಂದಳು, ಅವನು ಮಾತಾಡದೆ ಅದನ್ನು ಇಬ್ಬರ ನಡುವಿನ ಹಲಗೆಯ ಮೇಲಿಟ್ಟ, ಕಾಲು ಗಂಟೆಯಾದ ಮೇಲೆ ಅವಳು ತೆಗೆದು ಹೊದ್ದುಕೊಂಡಳು. ತನ್ನಮ್ಮ ಬಲೆ ಹೆಣೆಯುವಾಗ ಎಣಿಕೆ ತಪ್ಪಿದರೆ ಮಕ್ಕಳಿಗೆ ಬೈಯುತ್ತಿದ್ದುದನ್ನು ಅವನು ಹೇಳಿದ. ತನ್ನಪ್ಪನ ಔಷಧಿ ಅಂಗಡಿಯ ಬಾಟಲಿಗಳನ್ನು ಚಿಕ್ಕವಳಿದ್ದಾಗ ಬಣ್ಣದ ಪ್ರಕಾರ ಜೋಡಿಸಿಟ್ಟು ಪೆಟ್ಟು ತಿಂದದ್ದನ್ನು ಅವಳು ಹೇಳಿದಳು. ಕೊನೆಗೆ ಕಾಲು ಜೋಮು ಹಿಡಿದು ಅವಳು ಎದ್ದು ಮೂತಿಯ ಕಡೆ ಹೊರಟಾಗ ಅವನು, "ಇಲ್ಲೇ ಇದ್ಬಿಡಿ," ಎಂದ.

ಅವಳು ತಿರುಗಿ, "ಎಲ್ಲಿ?" ಎಂದು ಕೇಳಿದಳು.

ಅಷ್ಟರಲ್ಲಿ ಬಂದರಿನ ಕಹಳೆ ಕೇಳಿಸಿತು, ದಿಕ್ಕು ಸಿಕ್ಕಿತು, ಅವನು ಹುಟ್ಟು ಹಿಡಿದ. ಕೂತ ಜಾಗ ಬಿಟ್ಟೇಳಬೇಡಿ, ದೋಣಿ ಅಲುಗುತ್ತದೆ ಎಂದನೋ, ಬೇರೆ ಏನಾದರೂ ಅಂದನೋ, ಅವಳಿಗೆ ತಿಳಿಯಲಿಲ್ಲ. ನಾಳೆ ಕೇಳಿದರಾಯಿತು ಎಂದುಕೊಂಡಳು.

ನಾಳೆ ತಂತಿ ಬಂತು. ಅಪ್ಪ ಅಂಗಡಿಯಲ್ಲಿ ಕುಸಿದು ಬಿದ್ದಿದ್ದರು. ಬಲಭಾಗ ಪೂರ್ತಿ ಬಿದ್ದುಹೋಗಿತ್ತು. ಅಮ್ಮ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು. ಅಣ್ಣ ಬೇರೆ ಊರಿನಲ್ಲಿ ಸಂಸಾರವಂದಿಗ. "ನೀನು ಬಂದರೆ ಮಾತ್ರ ಮನೆ ನಡೆಯುತ್ತದೆ" ಎಂದು ಬರೆದಿದ್ದ. ಆ ಊರು ಕಡಲಿನಿಂದ ರೈಲಿನಲ್ಲಿ ಮೂರು ದಿನದ ದಾರಿ.

ಹೊರಡುವಾಗ ಅವಳು ಎರಡು ಗಾಜಿನ ಜಾಡಿ ತೆಗೆದುಕೊಂಡಳು. ಒಡೆದ ಪಿಂಗಾಣಿ ತಟ್ಟೆಯ ಚೂರುಗಳಿಗೆ ಅಂಟಿಕೊಂಡಿದ್ದ ಕಂದುಪಟ್ಟೆಯ ಪಾಲಿಪ್‌ಗಳು, ಹತ್ತು ದಿನದ ಕೂಸುಗಳು, ಅವುಗಳಲ್ಲಿದ್ದವು.

"ದಾರೀಲೇ ಸಾಯ್ತವಮ್ಮ," ಎಂದರು ಡೈರೆಕ್ಟರು.

"ಸಾಯ್ಲಿ ಸರ್. ಸಾಕ್ತಾ ಇರು ಅಂದೋರು ನೀವೇ ಅಲ್ವಾ?"

ಜಾಡಿಗಳನ್ನು ಮಡಿಲಲ್ಲಿಟ್ಟುಕೊಂಡು ಮೂರು ದಿನ ಕೂತಳು. ಒಂದೂ ಸಾಯಲಿಲ್ಲ.

ಮನೆ ಔಷಧಿ ಅಂಗಡಿಯ ಹಿಂದೆ. ಮುಂದೆ ಅಂಗಡಿ, ನಡುವೆ ಎರಡು ಕೋಣೆ, ಹಿಂದೆ ಅಡುಗೆಮನೆ, ಅದರ ಕೆಳಗೆ ಎಣ್ಣೆ, ಸ್ಪಿರಿಟ್ಟುಗಳ ದಾಸ್ತಾನಿಗೆಂದು ಕಟ್ಟಿಸಿದ ನೆಲಮಾಳಿಗೆ. ಅಲ್ಲಿ ಬೇಸಗೆಯಲ್ಲೂ ತಂಪು. ಜಾಡಿಗಳನ್ನು ಅಲ್ಲಿಟ್ಟಳು. ಅಂಗಡಿಯನ್ನು ಅಪ್ಪನ ಹಳೆಯ ಸಹಾಯಕರಿಗೆ ಒಪ್ಪಿಸಿ, ತಾನು ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಪಾಠ ಹೇಳುವ ಕೆಲಸ ಹಿಡಿದಳು. ಬೆಳಿಗ್ಗೆ ಅಪ್ಪನಿಗೆ ಮೈ ಒರೆಸಿ ಬಟ್ಟೆ ಹಾಕುವುದು, ಊಟ ಮಾಡಿಸುವುದು, ಶಾಲೆ, ಸಂಜೆ ಬರುವಾಗ ಊರಾಚೆಯ ಕೊಳಕ್ಕೆ ಹೋಗಿ ತೆಳು ಬಟ್ಟೆಯ ಜಾಳಿಗೆಯಲ್ಲಿ ನೀರುಚಿಗಟವೆಂಬ ಪುಟ್ಟ ಹುಳು ಹಿಡಿಯುವುದು. ಪಾಲಿಪ್‌ಗಳಿಗೆ ಅದೇ ಊಟ. ಊರಿನವರು ಕಿಟಕಿಯಿಂದ ನೋಡಿ, "ಮೇಷ್ಟ್ರಮ್ಮ ಕೊಳ ಸೋಸ್ತಾ ಇದಾರೆ" ಎಂದು ನಗುತ್ತಿದ್ದರು.

ನೀರಿನದೇ ಕಷ್ಟ. ತಂದಿದ್ದ ಕಡಲ ನೀರು ಕೆಡುತ್ತ ಬಂತು. ಅಡುಗೆ ಉಪ್ಪು ಕದಡಿ ಒಂದು ಜಾಡಿಗೆ ಹಾಕಿದಳು. ಮಾರನೆಯ ದಿನ ಅದರಲ್ಲಿದ್ದವೆಲ್ಲ ಮುದುಡಿ ಉದುರಿಹೋಗಿದ್ದವು. ಅವಳು ಅಡುಗೆಮನೆಯ ಮೆಟ್ಟಿಲಲ್ಲಿ ಕೂತು ಅತ್ತಳು. ಆಮೇಲೆ ಮುಖ ತೊಳೆದು ಡೈರೆಕ್ಟರಿಗೆ ಕಾಗದ ಬರೆದಳು.

ಹನ್ನೆರಡನೆಯ ದಿನ ರೈಲಿನಲ್ಲಿ ಒಂದು ಪೀಪಾಯಿ ಬಂತು. ಮರದ ಪೀಪಾಯಿ, ಬಿರಡೆಗೆ ಮೇಣ ಬಳಿದಿತ್ತು. ಬಿರಡೆ ಕಿತ್ತಾಗ ನೆಲಮಾಳಿಗೆಯ ತುಂಬ ಬಂದರಿನ ವಾಸನೆ ಎದ್ದಿತು. ಅವಳು ಮುಖ ಬಗ್ಗಿಸಿ ಹಾಗೆಯೇ ಎಷ್ಟೋ ಹೊತ್ತು ಇದ್ದಳು. ಪೀಪಾಯಿಯ ಕುತ್ತಿಗೆಗೆ ದಾರದಿಂದ ಒಂದು ರಟ್ಟಿನ ಚೀಟಿ ಕಟ್ಟಿತ್ತು. ಮಕ್ಕಳು ಬರೆದಂತೆ ದಪ್ಪ ದಪ್ಪ ಅಕ್ಷರ. "ಉತ್ತರದ ಬಂಡೆ ಹತ್ತಿರ ತುಂಬಿದ್ದು. ಹದಿನಾರು ಡಿಗ್ರಿ. ಗಾಳಿ ಇಲ್ಲ."

ಡೈರೆಕ್ಟರು ದೋಣಿಯವನಿಗೆ ನೀರು ಕಳಿಸು ಎಂದಿದ್ದರು, ಅಷ್ಟೆ. ಡಿಗ್ರಿ ಬರೆ, ಗಾಳಿ ಬರೆ ಎಂದು ಯಾರೂ ಅವನಿಗೆ ಹೇಳಿರಲಿಲ್ಲ.

ಖಾಲಿ ಪೀಪಾಯಿ ವಾಪಸು ಹೋಗಬೇಕಲ್ಲ, ಅದರ ಕುತ್ತಿಗೆಗೆ ಅವಳೂ ಒಂದು ಚೀಟಿ ಕಟ್ಟಿದಳು. "ನೀರು ಚೆನ್ನಾಗಿ ಬಂತು. ಉಳಿದವು ಎಲ್ಲ ಬದುಕಿವೆ."

ಹೀಗೆ ಶುರುವಾಯಿತು. ತಿಂಗಳಿಗೊಂದು ಪೀಪಾಯಿ. ತಿಂಗಳಿಗೊಂದು ಚೀಟಿ. ಕಾಗದ ಬರೆಯಲು ಅವನಿಗೆ ಕಾರಣವಿರಲಿಲ್ಲ, ಅವಳಿಗೆ ಧೈರ್ಯವಿರಲಿಲ್ಲ. ಅಂಗೈಯಗಲದ ರಟ್ಟಿನಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟೇ ಮಾತು. "ಪಂಪು ಕೆಟ್ಟಿದೆ. ಡೈರೆಕ್ಟರು ಎಲ್ಲರ ಮೇಲೂ ಹಾರಾಡ್ತಿದಾರೆ. ಹದಿನೆಂಟು ಡಿಗ್ರಿ." "ದೋಣಿಗೆ ಬಣ್ಣ ಹೊಡೆದೆ. ನೀಲಿ." ಒಂದು ಬೇಸಗೆಯಲ್ಲಿ ಬಂದದ್ದು: "ಈ ಸಲ ಕಂದುಪಟ್ಟೆ ಕಮ್ಮಿ. ನಿಮ್ಮನ್ನ ಹುಡುಕ್ಕೊಂಡು ಹೋಗಿರ್ಬೇಕು." ಆ ಚೀಟಿಯನ್ನು ಅವಳು ಶಾಲೆಯ ಪುಸ್ತಕದಲ್ಲಿಟ್ಟುಕೊಂಡು ತಿರುಗಿದಳು. ಪಾಠದ ನಡುವೆ ತೆಗೆದು ನೋಡಿ, ಯಾವ ಪುಟದಲ್ಲಿದ್ದೆ ಎಂಬುದು ಮರೆತು, ಹುಡುಗಿಯರಿಂದ ನಗಿಸಿಕೊಂಡಳು.

ಎರಡು ಸಲ ಸಂಬಂಧ ಬಂತು. ಮೊದಲನೆಯವರು ಅಪ್ಪನನ್ನು ನೋಡಿ ಹಿಂದೆ ಸರಿದರು. ಎರಡನೆಯವರು ಒಳ್ಳೆಯವರೇ, ಅಂಚೆ ಕಚೇರಿಯ ಗುಮಾಸ್ತರು, ನೆಲಮಾಳಿಗೆಗೆ ಇಳಿದು ನೋಡಿ, "ಈ ಜಾಡಿಗಳೂ ಜತೆಗೆ ಬರ್ತಾವಾ?" ಎಂದು ಕೇಳಿದರು. "ಮೊದಲು ಅವು ಬರ್ತವೆ, ಆಮೇಲೆ ನಾನು," ಎಂದಳು. ಅಣ್ಣ ಹತ್ತು ಪುಟದ ಕಾಗದದಲ್ಲಿ ಬೈದ. ಅಪ್ಪ ಮಾತ್ರ ಸೊಟ್ಟ ಬಾಯಲ್ಲೇ ನಕ್ಕರು.

ಆರನೆಯ ವರ್ಷದ ಚಳಿಗಾಲದಲ್ಲಿ ಬಂದ ಚೀಟಿ ಇದು: "ಮದುವೆ ಆಯ್ತು. ಹನ್ನೊಂದು ಡಿಗ್ರಿ. ಅಲೆ ಜೋರು."

ಅವಳು ಅದನ್ನು ಓದಿ, ಪೀಪಾಯಿಯ ನೀರನ್ನು ಎಂದಿನಂತೆ ಬಟ್ಟೆಯಲ್ಲಿ ಸೋಸಿ, ಜಾಡಿಗಳ ನೀರು ಬದಲಿಸಿ, ಕೈ ಒರೆಸಿಕೊಂಡು ಮೇಲೆ ಬಂದಳು. ಉತ್ತರದ ಚೀಟಿ ಮೂರು ಸಲ ಕೆಟ್ಟಿತು. ನಾಲ್ಕನೆಯದರಲ್ಲಿ ಬರೆದಳು, "ಸಂತೋಷ. ನೀರು ಚೆನ್ನಾಗಿ ಬಂತು. ಎಲ್ಲ ಬದುಕಿವೆ."

ಅಂದು ಊಟ ಮಾಡಿಸುವಾಗ ಅಪ್ಪ ಅವಳ ಮುಖವನ್ನೇ ನೋಡುತ್ತಿದ್ದರು. "ಪುಟ್ಟಿ, ಈ ಸಲ ನೀರಲ್ಲಿ ಏನಾದ್ರೂ ಕೆಟ್ಟದ್ದು ಬಂದಿತ್ತಾ?"

"ಇಲ್ಲಪ್ಪ. ನೀರು ಚೆನ್ನಾಗೇ ಇದೆ."

ಅವರು ಎಡಗೈಯಿಂದ ಅವಳ ಮಣಿಕಟ್ಟು ಹಿಡಿದುಕೊಂಡು, ಆ ತುತ್ತನ್ನು ಬಹಳ ನಿಧಾನವಾಗಿ ಅಗಿದರು.

ಪೀಪಾಯಿಗಳೇನೂ ನಿಲ್ಲಲಿಲ್ಲ, ಒಂದು ವಾರ ಕೂಡ ತಡವಾಗಲಿಲ್ಲ. ಅವಳೂ ಕಾಯುವುದನ್ನು ಬಿಡಲಿಲ್ಲ. ಬಿಡಬೇಕೆಂದು ಪ್ರತಿ ತಿಂಗಳೂ ಅಂದುಕೊಳ್ಳುವಳು. ರೈಲು ನಿಲ್ದಾಣದಿಂದ ಕೈಗಾಡಿಯ ಸದ್ದು ಬಂದರೆ ಪಾತ್ರೆ ಅಲ್ಲೇ ಬಿಟ್ಟು ಬಾಗಿಲಿಗೆ ಓಡುವಳು.

ಮರುವರ್ಷ ಹಿಂದೆಂದೂ ಕಾಣದ ಚಳಿ ಬಿತ್ತು. ಬಾವಿಕಟ್ಟೆಯ ಮೇಲೆ ಬಿಟ್ಟ ಬಕೆಟ್ಟಿನ ನೀರು ಬೆಳಗಾಗುವಷ್ಟರಲ್ಲಿ ಗಾಜಿನಂತೆ ಗಟ್ಟಿಯಾಗಿರುತ್ತಿತ್ತು. ನೆಲಮಾಳಿಗೆಯಲ್ಲಿ ಪಾಲಿಪ್‌ಗಳು ಊಟ ಬಿಟ್ಟವು. ದುಂಡಗಿದ್ದವು ಉದ್ದವಾದವು, ಮೈಗೆ ದಾರ ಸುತ್ತಿ ಬಿಗಿದಂತೆ ಗೆರೆ ಬಿದ್ದವು, ಬಿಳಿಯ ಬಣ್ಣ ಕಂದಿತು. ಕಾಯಿಲೆಯೆಂದೇ ಅವಳು ತಿಳಿದಳು. ಏಳು ವರ್ಷ ಸಾಕಿದ್ದು ಈಗ ಕಣ್ಣೆದುರೇ ಹೋಗುತ್ತಿದೆ. ಶಾಲೆಗೆ ಹೊರಡಲು ಕಾಲೇ ಬರಲಿಲ್ಲ.

"ಮೇಲೆ ತಂದಿಡು. ನಾನು ನೋಡ್ಕೋತೀನಿ," ಎಂದರು ಅಪ್ಪ. "ನಂಗೇನ್ ಬೇರೆ ಕೆಲಸ ಇದೆ?"

ಬಿಸಿಲು ಬೀಳದ ಕಿಟಕಿಯ ಬಳಿ ಜಾಡಿ ಇಟ್ಟು, ಅವರ ಎಡಗೈಗೆ ಭೂತಗನ್ನಡಿ ಕೊಟ್ಟು, ಮುಂದೆ ಗಡಿಯಾರವಿಟ್ಟು ಹೋದಳು. ನಾಲ್ಕು ಗಂಟೆಗೆ ಬಂದಾಗ ಅಪ್ಪ ಹಾಗೆಯೇ ಕೂತಿದ್ದರು. ಕೆನ್ನೆಯ ಮೇಲೆ ನೀರು ಇಳಿದು ಒಣಗಿತ್ತು. ಊಟದ ತಟ್ಟೆ ಮುಟ್ಟಿರಲಿಲ್ಲ.

"ಒಂದು ಬಿಟ್ಕೊಂಡು ಹೋಯ್ತು," ಎಂದರು.

"ಏನು ಬಿಟ್ಕೊಂಡು ಹೋಯ್ತಪ್ಪ?"

"ಮೇಲಿಂದು. ತಟ್ಟೆ ಮೇಲೆ ತಟ್ಟೆ ಇಟ್ಟಂಗಿದೆ ನೋಡು, ಅದ್ರಲ್ಲಿ ಎಲ್ಲಕ್ಕಿಂತ ಮೇಲಿಂದು. ಹನ್ನೊಂದು ಇಪ್ಪತ್ತಕ್ಕೆ. ಬಡ್ಕೊಳ್ತಾ ಬಡ್ಕೊಳ್ತಾ ಕಿತ್ಕೊಂಡು ಹೋಯ್ತು. ನಿಮಿಷಕ್ಕೆ ಮೂವತ್ತೆಂಟು ಸಲ. ನಾಲ್ಕು ಸಲ ಎಣಿಸ್ದೆ, ತಪ್ಪಿಲ್ಲ."

ಅವಳು ಭೂತಗನ್ನಡಿ ತೆಗೆದುಕೊಂಡು ಬಗ್ಗಿದಳು. ನೀರಿನಲ್ಲಿ ಸಾಸಿವೆಕಾಳಿನಷ್ಟು ಚಿಕ್ಕದು, ಎಂಟು ತೋಳಿನ ನಕ್ಷತ್ರದಂಥದ್ದು, ಮುದುಡಿ ಅರಳಿ, ಮುದುಡಿ ಅರಳಿ, ಮೇಲಕ್ಕೆ ಹೋಗುತ್ತಿತ್ತು. ಅವಳು ನೋಡುತ್ತಿದ್ದಂತೆ ಇನ್ನೊಂದು ಬಿಡಿಸಿಕೊಂಡಿತು. ಕಾಯಿಲೆಯಲ್ಲ, ಹೆರಿಗೆ. ಪ್ರಪಂಚದಲ್ಲಿ ಯಾರೂ ನೋಡದಿದ್ದದ್ದನ್ನು ಲಕ್ವ ಹೊಡೆದ ಒಬ್ಬ ಔಷಧಿ ಅಂಗಡಿಯವರು ಮೊದಲು ನೋಡಿದ್ದರು.

"ನಿನ್ನಿಂದ ಸಮುದ್ರ ಬಿಡಿಸ್ದೋನು ನಾನು," ಎಂದರು ಅಪ್ಪ. ಏಳು ವರ್ಷದಲ್ಲಿ ಆ ಮಾತು ಆಡಿದ್ದು ಅದೇ ಮೊದಲು.

"ಅಲ್ಲೇ ಇದ್ದಿದ್ರೆ ಇದು ಆಗ್ತಾನೇ ಇರ್ಲಿಲ್ಲ ಅಪ್ಪ. ಅಲ್ಲಿ ಪಂಪಿನ ಮನೆ ಪಕ್ಕದ ತೊಟ್ಟಿ, ಯಾವಾಗ್ಲೂ ಬೆಚ್ಚಗೆ. ಇದಕ್ಕೆ ಬೇಕಾಗಿದ್ದು ನಮ್ಮನೆ ಚಳಿ."

ಅದು ನಿಜವೇ. ಅಪ್ಪನಿಗೆ ಅದರಿಂದ ಸಮಾಧಾನವೂ ಆಯಿತು. ಆದರೆ ಅದನ್ನು ಹೇಳುವಾಗಲೂ ಅವಳ ಮನಸ್ಸು ಕಿಟಕಿಯಾಚೆಯ ಬೀದಿಯನ್ನು ದಾಟಿ, ಮೂರು ದಿನದ ದಾರಿಯನ್ನು ದಾಟಿ, ಒಂದು ನೀಲಿ ದೋಣಿಯ ಹತ್ತಿರ ಹೋಗಿ ನಿಂತಿತ್ತು. ಇದನ್ನು ಅವನಿಗೆ ತೋರಿಸಬೇಕಿತ್ತು. ಡೈರೆಕ್ಟರಿಗೆ ಉದ್ದನೆಯ ವರದಿ ಬರೆಯುವ ಮೊದಲೇ ಖಾಲಿ ಪೀಪಾಯಿಗೆ ಚೀಟಿ ಕಟ್ಟಿದಳು. "ಮರಿ ಬಂತು. ಎಂಟು ತೋಳು."

ಅವನ ಉತ್ತರ ಮುಂದಿನ ಪೀಪಾಯಿಯಲ್ಲಿ ಬಂತು. "ಇಡೀ ಬಂದರಿಗೆ ಹೇಳ್ದೆ. ಯಾರಿಗೂ ಅರ್ಥ ಆಗ್ಲಿಲ್ಲ. ನಂಗಾಯ್ತು. ಹತ್ತು ಡಿಗ್ರಿ."

ಅವಳ ಲೇಖನ ವಿದ್ವಾಂಸರ ಪತ್ರಿಕೆಯಲ್ಲಿ ಅಚ್ಚಾಯಿತು. ಮೊದಲು ಕಂಡವರು ತನ್ನ ತಂದೆ ಎಂದು ದಿನಾಂಕ, ಗಂಟೆ, ನಿಮಿಷದ ಸಮೇತ ಬರೆದಿದ್ದಳು. ಕಡಲಿನಿಂದ ಮೂರು ದಿನದ ದೂರದಲ್ಲಿ, ನೆಲಮಾಳಿಗೆಯಲ್ಲಿ, ಕಡಲ ಪ್ರಾಣಿ ಹೆತ್ತಿತಂತೆ ಎಂದು ಒಬ್ಬ ಹೆಸರಾಂತ ಪ್ರೊಫೆಸರು ಮುಂದಿನ ಸಂಚಿಕೆಯಲ್ಲೇ ಲೇವಡಿ ಮಾಡಿದರು. ಡೈರೆಕ್ಟರಿಗೆ ರೇಗಿಹೋಯಿತು. ಮಂಡಿನೋವು ಕಟ್ಟಿಕೊಂಡು ತಾವೇ ರೈಲು ಹತ್ತಿ ಬಂದರು. ನೆಲಮಾಳಿಗೆಯ ಹದಿನಾಲ್ಕು ಮೆಟ್ಟಿಲನ್ನು ಮಗುವಿನಂತೆ ಕೂತುಕೊಂಡೇ ಇಳಿದರು. ಜಾಡಿಯ ಮುಂದೆ ಬಹಳ ಹೊತ್ತು ಕೂತರು.

"ಇಷ್ಟು ವರ್ಷ ಕಡಲ ತಳ ಕೆದಕ್ದೆ ಕಣಮ್ಮ ನಾನು. ಇವು ಔಷಧಿ ಅಂಗಡಿ ಕೆಳಗೆ ಕೂತಿದ್ವಾ!" ಎಂದರು. ಆಮೇಲೆ, "ಬಂದ್ಬಿಡು. ನಿನ್ನ ಜಾಗ ಹಾಗೇ ಇದೆ," ಎಂದರು.

ಮೇಲೆ ಅಪ್ಪ ಕೆಮ್ಮಿದ ಸದ್ದು ಕೇಳಿಸಿತು. "ಈಗ ಆಗಲ್ಲ ಸರ್," ಎಂದಳು.

ದೋಣಿಯವನು ಹೇಗಿದ್ದಾನೆ ಎಂದು ಕೇಳಬೇಕೆಂದು ಎರಡು ದಿನವೂ ಒದ್ದಾಡಿದಳು. ಡೈರೆಕ್ಟರು ರೈಲು ಹತ್ತುವಾಗ ಅವರೇ ಹೇಳಿದರು: "ದೋಣಿಯಣ್ಣ ಕೇಳ್ದ, ಮೇಡಂ ಸಣ್ಣಗಾಗಿದಾರಾ ನೋಡ್ಕೊಂಡು ಬನ್ನಿ ಅಂತ. ಏನಂತ ಹೇಳ್ಲಿ?"

"ಇಲ್ಲ ಅನ್ನಿ," ಎಂದಳು. ಸಣ್ಣಗಾಗಿದ್ದಳು.

ಅಪ್ಪ ಇನ್ನೂ ನಾಲ್ಕು ವರ್ಷ ಬದುಕಿದರು. ಹೋಗುವ ದಿನದವರೆಗೂ ಮರಿಗಳ ಬಡಿತ ಎಣಿಸಿ ಎಡಗೈಯಲ್ಲಿ ಗೀಚಿಡುತ್ತಿದ್ದರು. ಅವರು ಹೋದ ಮೇಲೆ ಅಣ್ಣ ಬಂದು ಅಂಗಡಿ, ಮನೆಗಳ ವ್ಯವಸ್ಥೆ ನೋಡಿದ. "ನೀನು ನಮ್ಮನೆಗೆ ಬಾ. ನಿನ್ನ ಅತ್ತಿಗೆನೂ ಕರ್ಕೊಂಡು ಬಾ ಅಂದಿದಾಳೆ," ಎಂದ, ಮನಸ್ಸಿನಿಂದಲೇ.

"ಅತ್ತಿಗೆಗೆ ಹೇಳು, ಬೇಸಗೇಲಿ ನೀವೇ ಬನ್ನಿ ಅಂತ. ಕಡಲು ನೋಡ್ಬಹುದು," ಎಂದಳು.

ಹೋದಾಗ ಇಪ್ಪತ್ತಾರು; ವಾಪಸು ಬಂದಾಗ ಮೂವತ್ತೇಳು. ರೈಲು ಬಂದರಿನ ಊರನ್ನು ಮುಟ್ಟಿದ್ದು ಬೆಳಿಗ್ಗೆ ಎಂಟಕ್ಕೆ. ಪ್ಲಾಟ್‌ಫಾರಂ ಮೇಲೆ ಅವನು ಕೈಗಾಡಿ ಹಿಡಿದು ನಿಂತಿದ್ದ. ಕಿವಿಯ ಪಕ್ಕ ಕೂದಲು ನರೆತಿತ್ತು, ಮೈ ತುಂಬಿಕೊಂಡಿತ್ತು. ತುಟಿ ಮಾತ್ರ ಒಂದೇ ಕಡೆ ಮೇಲೆದ್ದಿತು.

"ಬಂದ್ರಾ," ಎಂದ.

"ಬಂದೆ," ಎಂದಳು.

ಅವನು ಜಾಡಿಗಳನ್ನು ತೆಗೆದುಕೊಂಡು, ಅಲುಗದಂತೆ ಗಾಡಿಯ ಹುಲ್ಲಿನ ನಡುವೆ ಇಟ್ಟ. ಇಬ್ಬರೂ ಗಾಡಿಯ ಎರಡು ಪಕ್ಕದಲ್ಲಿ ನಡೆದುಕೊಂಡು ಬಂದರು.

ಅಂದೇ ಅವನ ಹೆಂಡತಿ ಊಟಕ್ಕೆ ಕರೆದಳು. ಗಟ್ಟಿ ದನಿಯ, ನಗುಮುಖದ ಹೆಂಗಸು. "ಬನ್ನಿ ಅಕ್ಕ, ಬನ್ನಿ. ನಿಮ್ಮ ನೀರು ಹೊತ್ತೂ ಹೊತ್ತೂ ನಮ್ಮೋರ ಸೊಂಟ ಬಿದ್ದೋಯ್ತು ನೋಡಿ," ಎಂದು ಬಾಗಿಲಲ್ಲೇ ಕೈ ಹಿಡಿದಳು. ಮನೆಯೆಂದರೆ ಎರಡು ಕೋಣೆ. ಗೋಡೆಯಲ್ಲಿ ಹಗ್ಗ, ಲಾಟೀನು. ಮೂಲೆಯಲ್ಲಿ ಹೊಲಿಗೆ ಯಂತ್ರ. ಮೂರು ವರ್ಷದ ಮಗಳೊಬ್ಬಳು ಅಪ್ಪನ ಕಾಲು ತಬ್ಬಿಕೊಂಡು ಇವಳನ್ನು ನೋಡುತ್ತಿದ್ದಳು. ಊಟಕ್ಕೆ ಕೂತಾಗ ನೀರಿನ ತಂಬಿಗೆ ಅವನ ಪಕ್ಕದಲ್ಲಿತ್ತು. ಕೇಳಬೇಕಿತ್ತು. ಎದುರಿಗೆ ಹೆಂಡತಿ ಬಡಿಸುತ್ತ ನಿಂತಿದ್ದಳು. "ಇಲ್ನೋಡಿ" ಎಂದು ಶುರುಮಾಡುವ ವಯಸ್ಸು ಕಳೆದಿತ್ತು.

"ಅಣ್ಣಾ, ಸ್ವಲ್ಪ ನೀರು ಕೊಡಿ," ಎಂದಳು.

ಅವನು ತಟ್ಟನೆ ತಲೆಯೆತ್ತಿದ. ಒಂದು ಕ್ಷಣ ಅವಳನ್ನು ನೋಡಿದ. ಆಮೇಲೆ ತಂಬಿಗೆ ಎತ್ತಿ, ಒಂದು ಹನಿ ಚೆಲ್ಲದೆ, ಅವಳ ಲೋಟ ತುಂಬಿಸಿದ.

ಅಲ್ಲಿಂದ ಇಪ್ಪತ್ತೆರಡು ವರ್ಷ ಇಬ್ಬರೂ ಒಂದೇ ದೋಣಿಯಲ್ಲಿ ಕೆಲಸ ಮಾಡಿದರು. ಡೈರೆಕ್ಟರು ನಿವೃತ್ತರಾದ ಮೇಲೆ ಲೋಳೆಮೀನಿನ ವಿಭಾಗ ಅವಳ ಕೈಗೆ ಬಂತು. ಐವತ್ತು ಬಣ್ಣದ ಚಿತ್ರಗಳ ದೊಡ್ಡ ಪುಸ್ತಕ ಬರೆದಳು. ಚಿತ್ರವೆಲ್ಲ ಅವಳದೇ, ಬದುಕಿದ್ದ ಪ್ರಾಣಿಯನ್ನೇ ನೋಡಿ ಬರೆದದ್ದು, ಏಕೆಂದರೆ ಸತ್ತ ಒಂದು ಗಂಟೆಗೆ ಬಣ್ಣ ಹೋಗಿಬಿಡುತ್ತದೆ. ಲೇವಡಿ ಮಾಡಿದ್ದ ಪ್ರೊಫೆಸರು ಒಮ್ಮೆ ಬಂದು, ನೋಡಿ, ಕೈಕುಲುಕಿ ಹೋದರು. ಒಂದು ಪದಕ ಬಂತು. ಮೇಲಿನ ಕೋಣೆಯ ಕಿಟಕಿ ಗಾಳಿಗೆ ಬಡಿಯುತ್ತಿತ್ತು, ಅದರ ಸಂದಿಗೆ ಪದಕ ಸರಿಯಾಗಿ ಕೂತಿತು. ಆಮೇಲೂ ಎಷ್ಟೋ ಸಲ ಮಂಜು ಬಿತ್ತು. ಆದರೆ ಆಗ ದೋಣಿಗೆ ಇಂಜಿನ್ನು ಬಂದಿತ್ತು, ದಿಕ್ಸೂಚಿ ಬಂದಿತ್ತು. ಐದೇ ನಿಮಿಷಕ್ಕೆ ದಡ ಸಿಕ್ಕಿಬಿಡುತ್ತಿತ್ತು.

ಅಂದು ದೋಣಿಯಲ್ಲಿ ಏನಂದಿರಿ ಎಂದು ಅವಳು ಕೇಳಲೇ ಇಲ್ಲ. ಕೇಳಿದರೆ ಉತ್ತರ ಬರುತ್ತಿತ್ತು. ಉತ್ತರ ಎರಡರಲ್ಲಿ ಯಾವುದೇ ಆಗಿದ್ದರೂ, ಆಮೇಲೆ ಮಾಡುವುದೇನು?

ಅವನು ಎದೆಯ ಕಾಯಿಲೆಯಲ್ಲಿ ತೀರಿಕೊಂಡಾಗ ಅವಳಿಗೆ ಐವತ್ತೊಂಬತ್ತು. ಆಸ್ಪತ್ರೆಗೆ ಮೂರು ಸಲ ಹೋಗಿದ್ದಳು. ಮಾತಾಡಿದ್ದೆಲ್ಲ ದೋಣಿಯ ತಳಕ್ಕೆ ಹೊಸ ಮರ ಹಾಕಿಸುವ ವಿಷಯ. ಕೊನೆಯ ಸಲ ಎದ್ದು ಬರುವಾಗ ಅವನು, "ಇವತ್ತೆಷ್ಟು ಡಿಗ್ರಿ?" ಎಂದು ಕೇಳಿದ್ದ. ಅವಳು ಅಂದು ನೋಡಿರಲಿಲ್ಲ. "ಹದಿನಾರು," ಎಂದಿದ್ದಳು.

ಆತ ಹೋಗಿ ಎಂಟು ತಿಂಗಳಿಗೆ, ಒಂದು ಮಧ್ಯಾಹ್ನ, ಅವನ ಹೆಂಡತಿ ಕೇಂದ್ರಕ್ಕೆ ಬಂದಳು. ಮಗಳು ಮದುವೆಯಾಗಿ ಪಕ್ಕದ ಬೀದಿಯಲ್ಲೇ ಇದ್ದಳು, ಆದರೂ ಮನೆಯಲ್ಲಿ ಹೊತ್ತು ಹೋಗುವುದಿಲ್ಲ ಎಂದಳು. ಇಬ್ಬರೂ ಮೇಲಿನ ಕೋಣೆಯಲ್ಲಿ ಕಾಫಿ ಕುಡಿಯುತ್ತ ಕೂತರು.

"ಅಕ್ಕ, ಒಂದ್ ವಿಷಯ ಹೇಳ್ತೀನಿ, ನಗ್ಬೇಡಿ," ಎಂದಳು. "ನಮ್ಮೋರು ಗಡ್ಡ ಕೆರ್ಕೊಳ್ಳೋದ್ರಲ್ಲಿ ಮಹಾ ಸೋಮಾರಿ. ಮದುವೆ ದಿನಾನೂ ನಮ್ಮಣ್ಣ ಬೈದ್ಮೇಲೇ ಕೆರ್ಕೊಂಡಿದ್ದು. ಆದ್ರೆ ನಿಮಗೆ ನೀರು ತುಂಬೋಕೆ ಹೋಗೋ ದಿನ ಬೆಳಿಗ್ಗೆ ಎದ್ದೋರೇ ಕನ್ನಡಿ ಮುಂದೆ ಕೂರೋರು. ನೀಟಾಗಿ ಗಡ್ಡ ಕೆರ್ಕೊಂಡು, ಒಗ್ದಿರೋ ಅಂಗಿ ಹಾಕ್ಕೊಂಡು ಹೋಗೋರು. ನೀರಿಗೆ ಹೋಗೋಕೆ ಗಡ್ಡ ಯಾಕ್ರೀ ಅಂತ ಕೇಳ್ದೆ ಒಂದಿನ. ರೈಲ್ವೆ ಸ್ಟೇಷನ್ನಿಗೆ ಹೋಗ್ಬೇಕಲ್ಲ, ನಾಲ್ಕು ಜನ ನೋಡ್ತಾರೆ ಅಂದ್ರು."

ಲೋಳೆಯಕ್ಕನ ಕೈಯ ಲೋಟ ಮೇಜಿನ ಮೇಲೆ ಇಳಿಯಿತು.

"ನೀವು ವಾಪಸ್ ಬಂದ್ಮೇಲೆ ಮತ್ತೆ ಹಳೇ ಕಥೆ. ವಾರಗಟ್ಟಲೆ ಗಡ್ಡ," ಎಂದು ಅವಳು ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. "ಒಳ್ಳೇ ಗಂಡ ಅಕ್ಕ. ನಂಗೆ ಒಂದ್ ಕೆಟ್ಟ ಮಾತು ಅಂದೋರಲ್ಲ. ನಂಗೇನೂ ಕಮ್ಮಿ ಮಾಡ್ಲಿಲ್ಲ. ಆದ್ರೂ ಇದನ್ನ ಯಾರಿಗಾದ್ರೂ ಹೇಳ್ಬೇಕಿತ್ತು. ನಿಮಗಲ್ದೆ ಇನ್ಯಾರಿಗೆ ಹೇಳ್ಲಿ?"

ಕಿಟಕಿಯಾಚೆ ಯಾವುದೋ ದೋಣಿ ಬಂದು ಕಟ್ಟೆಗೆ ತಾಗಿತು. ಏನಾದರೂ ಹೇಳಬೇಕೆಂದು ಲೋಳೆಯಕ್ಕ ಬಾಯಿ ತೆರೆದಳು. "ನಂಗೂ…" ಎಂದಳು. ಅಷ್ಟಕ್ಕೇ ನಿಂತಿತು.

"ಗೊತ್ತು ಬಿಡಿ," ಎಂದಳು ಆ ಹೆಂಗಸು. ಮೇಜಿನ ಮೇಲಿನಿಂದ ಕೈ ಚಾಚಿ ಅವಳ ಕೈಯನ್ನು ಒಮ್ಮೆ ಒತ್ತಿದಳು. ಆಮೇಲೆ ಮೂಗು ಸೀಟಿಕೊಂಡು, ಸುತ್ತ ನೋಡಿ, "ಇಷ್ಟು ವರ್ಷ ಆಯ್ತು, ಆ ನೀರೊಳಗೆ ಏನಿರುತ್ತೆ ಅಂತ ನಾನು ಒಂದಿನಾನೂ ನೋಡ್ಲಿಲ್ಲ. ತೋರಿಸ್ತೀರಾ?" ಎಂದಳು.

ಅಂದು ಬೆಳಿಗ್ಗೆ ಬಂದ ಮರಿಗಳಿದ್ದವು. ಲೋಳೆಯಕ್ಕ ಒಂದು ಹನಿಯನ್ನು ಗಾಜಿನ ಬಟ್ಟಲಿಗೆ ಬಿಟ್ಟು, ಸೂಕ್ಷ್ಮದರ್ಶಕದ ಕೆಳಗಿಟ್ಟು, ತನ್ನ ಕುರ್ಚಿಯಲ್ಲಿ ಅವಳನ್ನು ಕೂರಿಸಿದಳು.

"ಏನೂ ಕಾಣ್ಸಲ್ಲ. ಬರೀ ಕತ್ತಲೆ."

"ಮುಚ್ಚಿರೋ ಕಣ್ಣಲ್ಲಿ ನೋಡ್ತಿದೀರಿ. ಅದನ್ನ ತೆಗೀರಿ, ಇನ್ನೊಂದನ್ನ ಮುಚ್ಚಿ."

"ಥೂ, ನನ್ನ ಬುದ್ಧಿಗಿಷ್ಟು!" ಎಂದು ನಕ್ಕು, ಸೆರಗು ಸರಿಮಾಡಿಕೊಂಡು ಮತ್ತೆ ಬಗ್ಗಿದಳು. ಒಂದು ನಿಮಿಷ ಹೋಯಿತು, ಎರಡು ಹೋಯಿತು.

"ಕತ್ತು ನೋಯುತ್ತೆ, ಸಾಕು. ಏಳಿ," ಎಂದಳು ಲೋಳೆಯಕ್ಕ.

"ಇರಿ ಅಕ್ಕ, ಇನ್ನೊಂಚೂರು," ಎಂದಳು ಅವಳು, ತಲೆಯೆತ್ತದೆ.

ಲೋಳೆಯಕ್ಕ ಇನ್ನೊಂದು ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲೇ ಕೂತು, ತನ್ನ ಸರದಿಗೆ ಕಾದಳು.